ಎರಡು ಲೀಟರ್ ಲೆಕ್ಕ

ಸರ್ಕಾರಿ ಕಾಲೇಜಿನ ಮೇಷ್ಟ್ರುಗಳಿಗೆ ಎರಡು ವಿಳಾಸ ಇರುತ್ತವೆ. ಒಂದು ಕಚೇರಿಯ ಕಡತದಲ್ಲಿ, ಇನ್ನೊಂದು ಹಾಲಿನವನ ಚೀಟಿಯಲ್ಲಿ. ನೌಕರರು ಕೇಂದ್ರಸ್ಥಾನದಲ್ಲೇ ವಾಸವಾಗಿರತಕ್ಕದ್ದು ಎಂಬುದು ನಿಯಮ. ನಿಯಮದ ಪ್ರಕಾರ ನಾನು ಹತ್ತು ವರ್ಷಕ್ಕೂ ಮೇಲ್ಪಟ್ಟು ಚಾಮರಾಜನಗರದ ನಿವಾಸಿ. ಹಾಲು, ಪೇಪರು, ಮಗನ ಸ್ಕೂಲು, ಅತ್ತೆಯವರ ಬಿ.ಪಿ. ಮಾತ್ರೆ ಎಲ್ಲ ಇದ್ದದ್ದು ಮಾತ್ರ ಮೈಸೂರಿನ ಕುವೆಂಪುನಗರದಲ್ಲಿ. ನಡುವೆ ಅರವತ್ತು ಕಿಲೋಮೀಟರ್ ರಸ್ತೆ.

ಬಸ್ಸಿತ್ತು, ರೈಲೂ ಇತ್ತು. ಬಸ್ಸು ನಂಜನಗೂಡು ಸ್ಟ್ಯಾಂಡಿನೊಳಕ್ಕೆ ಹೋಗಿ ತಿರುಗಿ ಈಚೆ ಬರುವಷ್ಟರಲ್ಲಿ ಅತ್ತ ಮೊದಲ ಪೀರಿಯಡ್ಡಿನ ಬೆಲ್ ಹೊಡೆದಿರುತ್ತಿತ್ತು. ರೈಲು ಅಗ್ಗ, ಆದರೆ ಅದರ ವೇಳೆಗೂ ನಮ್ಮ ಟೈಮ್‌ಟೇಬಲ್ಲಿಗೂ ಹೊಂದುತ್ತಿರಲಿಲ್ಲ. ಹಾಗಾಗಿ 2009ರ ಹೊತ್ತಿಗೆ ನಾವು ನಾಲ್ವರು ಒಂದೇ ಕಾರಿನಲ್ಲಿ ಹೋಗಿಬರಲು ಶುರುಮಾಡಿದೆವು. ಎಕನಾಮಿಕ್ಸ್ ಸರ್, ಕಾಮರ್ಸ್ ಸರ್, ಹಿಸ್ಟರಿ ಮೇಡಂ, ಮತ್ತು ಕನ್ನಡದ ನಾನು. ಕಾಲೇಜಿನಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಸಬ್ಜೆಕ್ಟೇ ಹೆಸರು. ಕಾರಿನಲ್ಲೂ ಹಾಗೇ ನಡೆಯಿತು. ಅವರ ಮನೆಯವರ ಹೆಸರುಗಳು, ಮಕ್ಕಳ ಮಾರ್ಕ್ಸು, ಯಾರಿಗೆ ಯಾವ ಡಾಕ್ಟರು ಎಲ್ಲ ನನಗೆ ಗೊತ್ತಿತ್ತು. ಅಷ್ಟಾದರೂ ಇವತ್ತಿಗೂ ಫೋನಿನಲ್ಲಿ ಅವರು ಎಕನಾಮಿಕ್ಸ್ ಸರ್ ಎಂದೇ ಇದ್ದಾರೆ.

ಮೂವರ ಹತ್ತಿರ ಕಾರಿತ್ತು, ನನ್ನ ಹತ್ತಿರ ಇರಲಿಲ್ಲ. ವಾರಕ್ಕೊಬ್ಬರ ಪಾಳಿ. ಎಕನಾಮಿಕ್ಸ್ ಸರ್‌ದು ಹಳೇ ಸ್ಯಾಂಟ್ರೋ, ಕಾಮರ್ಸ್ ಸರ್‌ದು ವ್ಯಾಗನ್ ಆರ್, ಮೇಡಂದು ಆಲ್ಟೊ. ಮೊದಲ ದಿನಗಳಲ್ಲಿ ನಾನು ಆ ವಾರದ ಕಾರಿನವರಿಗೆ ರೂಪಾಯಿ ಲೆಕ್ಕದಲ್ಲಿ ಕೊಡುತ್ತಿದ್ದೆ. ಆಗ ಪೆಟ್ರೋಲ್ ಬೆಲೆ ಕದಲುತ್ತಿದ್ದದ್ದು ಯಾವಾಗಲೋ ಒಮ್ಮೆ. 2010ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ ಪೆಟ್ರೋಲ್ ಬೆಲೆಯ ಮೇಲಿನ ಹಿಡಿತ ಬಿಟ್ಟಿತು. ಅಲ್ಲಿಂದ ಮುಂದೆ ಬೆಲೆ ಏರಿದಾಗಲೆಲ್ಲ ಕಾರಿನಲ್ಲಿ ಒಂದು ಬಗೆಯ ಕೆಮ್ಮು ಕೇಳಿಸುತ್ತಿತ್ತು. ನಾನೇ ಜಾಸ್ತಿ ಕೊಡಲೇ, ಅವರೇ ಕೇಳಲಿ ಎಂದಿರಲೇ? ಅವರಿಗೆ ಕೇಳಲು ಸಂಕೋಚ. ಎರಡು ವಾರ ಹಾಗೇ ಕಳೆದ ಮೇಲೆ ಎಕನಾಮಿಕ್ಸ್ ಸರ್ ಮಂಡಕಳ್ಳಿ ಏರ್‌ಪೋರ್ಟಿನ ಹತ್ತಿರ ತೀರ್ಪು ಕೊಟ್ಟರು.

"ನೋಡಿ, ರೂಪಾಯಿ ಮಾತೇ ಬೇಡ. ಹೋಗಿ ಬರೋದು ನೂರಿಪ್ಪತ್ತು ಕಿಲೋಮೀಟರ್. ಲೀಟರಿಗೆ ಹದಿನೈದು ಅಂತ ಇಟ್ಕೊಂಡ್ರೆ ಎಂಟು ಲೀಟರ್. ನಾಲ್ಕು ಜನ. ತಲೆಗೆ ಎರಡು ಲೀಟರ್. ಬೆಲೆ ಏನಾದ್ರೂ ಆಗ್ಲಿ, ಕನ್ನಡ ಮೇಡಂ ಕೊಡಬೇಕಾದ್ದು ದಿನಕ್ಕೆ ಎರಡು ಲೀಟರ್."

"ಸವಕಳಿ?" ಎಂದರು ಕಾಮರ್ಸ್ ಸರ್, ಗೇರು ಬದಲಿಸುತ್ತ.

ಅವರ ತಪ್ಪಲ್ಲ, ಇಪ್ಪತ್ತು ವರ್ಷದಿಂದ ಅವರು ಪಾಠ ಮಾಡಿದ್ದೇ ಅದನ್ನು. ಟೈರು, ಆಯಿಲ್ಲು, ಇನ್ಶೂರೆನ್ಸು ಯಾರ ಲೆಕ್ಕಕ್ಕೆ ಎಂಬ ಮಾತು ಎದ್ದಿತು. ಹಿಸ್ಟರಿ ಮೇಡಂ ಮುಜುಗರದಿಂದ ಕಿಟಕಿಯಾಚೆ ನೋಡಿದರು. ನನಗಂತೂ ಜೀವ ಹಗುರವಾಯಿತು. ದಿನಕ್ಕೆ ಅರ್ಧ ಲೀಟರ್ ಸವಕಳಿ ಸೇರಿಸಿ ಎರಡೂವರೆ ಎಂದು ಒಪ್ಪಿಕೊಂಡೆ. ಅವತ್ತೇ ಒಂದು ನೂರು ಪುಟದ ನೋಟ್‌ಬುಕ್ಕು ಕೊಂಡು ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟೆವು. ವಾರಕ್ಕೊಮ್ಮೆ ಕಾರು ಬದಲಾದಾಗ ನೋಟ್‌ಬುಕ್ಕೂ ಕಾರು ಬದಲಿಸುತ್ತಿತ್ತು. ಸಂಬಳವಾದ ವಾರ ನಾನು ತಿಂಗಳ ಮುಂಗಡವನ್ನು ಅವತ್ತಿನ ಬಂಕಿನ ರೇಟಿನಲ್ಲಿ ಕೊಡುವುದು, ಪುಸ್ತಕದಲ್ಲಿ ಲೀಟರ್ ಎಂದು ಬರೆಯುವುದು. ರಜೆ ಹಾಕುವವರು ಹಿಂದಿನ ರಾತ್ರಿ ಒಂಬತ್ತರೊಳಗೆ ಫೋನ್ ಮಾಡಬೇಕು, ಮಾಡದಿದ್ದರೆ ಸೀಟು ಖಾಲಿ ಹೋದರೂ ಲೀಟರ್ ಅವರದ್ದೇ. ಪರೀಕ್ಷೆ ಡ್ಯೂಟಿ, ಚುನಾವಣೆ ಡ್ಯೂಟಿ, ಮೌಲ್ಯಮಾಪನಗಳಿಗೆ ವಿನಾಯಿತಿ. ಹೆರಿಗೆ ಮನೆ, ಸಾವಿನ ಮನೆಗಳನ್ನು ಯಾರೂ ಬರೆಯಲಿಲ್ಲ, ಅದು ತಾನಾಗಿಯೇ ನಡೆಯಿತು.

2017ರ ಜೂನ್ 16ರಿಂದ ಪೆಟ್ರೋಲ್ ಬೆಲೆ ದಿನಾ ಬೆಳಿಗ್ಗೆ ಬದಲಾಗುವ ಪದ್ಧತಿ ಬಂತು. ಸ್ಟಾಫ್ ರೂಮಿನಲ್ಲಿ ಎಲ್ಲರೂ ಪೇಚಾಡುತ್ತಿದ್ದರೆ ಎಕನಾಮಿಕ್ಸ್ ಸರ್ ಕಾಲ ಮೇಲೆ ಕಾಲು ಹಾಕಿಕೊಂಡು ಕೂತಿದ್ದರು. "ನಾವು ಏಳು ವರ್ಷದ ಹಿಂದೇನೇ ರೂಪಾಯಿ ಬಿಟ್ವಿ" ಎನ್ನುವಾಗ ಅವರ ದನಿಯಲ್ಲಿ ರಿಸರ್ವ್ ಬ್ಯಾಂಕ್ ಗವರ್ನರಿಗಿರುವ ಗತ್ತಿತ್ತು.

ಈ ಲೀಟರ್ ಪುರಾಣ ಕೇಳಿದವರು ನಗುತ್ತಾರೆ. ಸ್ನೇಹಿತರ ಮಧ್ಯೆ ಅರ್ಧ ಲೀಟರಿನ ಲೆಕ್ಕವೇ, ಎಂದು ನನ್ನ ತಂಗಿ ಮೂಗು ಮುರಿದಳು. ನಾವು ಸ್ನೇಹಿತರಾಗಿ ಕಾರು ಹತ್ತಿದವರಲ್ಲ. ಮೈಸೂರಿನಲ್ಲಿ ಒಬ್ಬರ ಮನೆಗೊಬ್ಬರು ಹೋದದ್ದು ಗೃಹಪ್ರವೇಶ, ಉಪನಯನಗಳಿಗಷ್ಟೆ. ಭಾನುವಾರ ಮಾರ್ಕೆಟ್ಟಿನಲ್ಲಿ ಎದುರಾದರೆ ಏನು ಮಾತಾಡಬೇಕೋ ತೋಚದೆ ಸೊಪ್ಪಿನ ಬೆಲೆ ಕೇಳಿಕೊಂಡು ಹೊರಟುಬಿಡುತ್ತಿದ್ದೆವು. ಅದೇ ಜನ ಸೋಮವಾರ ಕಾರಿನಲ್ಲಿ ಕೂತರೆ ಸಾಲ, ಸಂಕಟ, ಸೊಸೆ ಎಲ್ಲ ಹೊರಗೆ ಬರುತ್ತಿದ್ದವು. ಮುಖ ಮುಖ ನೋಡುವ ಅಗತ್ಯವಿಲ್ಲ, ಎಲ್ಲರ ಕಣ್ಣೂ ರಸ್ತೆಯ ಮೇಲೆ. ತಂದೆಯವರಿಗೆ ನೆನಪು ಹೋಗಿದೆ, ತಮ್ಮನ್ನು ಯಾರೋ ಸಾಲ ವಸೂಲಿಗೆ ಬಂದವನು ಅಂದುಕೊಂಡು ಬಚ್ಚಿಟ್ಟುಕೊಳ್ಳುತ್ತಾರೆ ಎಂದು ಕಾಮರ್ಸ್ ಸರ್ ಹೇಳಿದ್ದು ಎಡಗೈಲಿ ವೈಪರ್ ಹಾಕುತ್ತ, ತಾಂಡವಪುರದ ಹತ್ತಿರ. ಯಾರೂ ಏನೂ ಅನ್ನಲಿಲ್ಲ. ನಂಜನಗೂಡು ದಾಟಿದ ಮೇಲೆ ಎಕನಾಮಿಕ್ಸ್ ಸರ್, "ನಾಳೆಯಿಂದ ನೀವು ಎಂಟೂಕಾಲಿಗೆ ಬನ್ನಿ, ಪಾಪ ಅವರಿಗೆ ತಿಂಡಿ ಕೊಟ್ಟು ಹೊರಡಿ" ಎಂದರು. ಎಂಟು ಗಂಟೆಯ ಕಾರು ಎಂಟೂಕಾಲಾಯಿತು.

ದಾರಿ ನಮಗೆ ಬಾಯಿಪಾಠ. ಬಂಡಿಪಾಳ್ಯದ ಎ.ಪಿ.ಎಂ.ಸಿ. ಮುಂದೆ ಲಾರಿಗಳ ಸಾಲು, ಕಡಕೊಳ, ತಾಂಡವಪುರ, ಕಪಿಲೆಯ ಸೇತುವೆ. ಪಕ್ಕದಲ್ಲೇ 1735ರದ್ದು ಎನ್ನುವ ಹಳೇ ಸೇತುವೆ, ಒಂದು ಕಾಲಕ್ಕೆ ರೈಲೂ ಅದರ ಮೇಲೆಯೇ ಹೋಗುತ್ತಿದ್ದುದನ್ನು ಹಿಸ್ಟರಿ ಮೇಡಂ ತಿಂಗಳಿಗೊಮ್ಮೆ ತಪ್ಪದೆ ಹೇಳುತ್ತಿದ್ದರು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಕಾಫಿ ಪುಡಿ ಮಾಡುವ ಕಾರ್ಖಾನೆಯಿದೆ. ಗಾಳಿ ನಮ್ಮ ಕಡೆ ಬೀಸಿದ ದಿನ ಹುರಿದ ಕಾಫಿಯ ವಾಸನೆ ಕಾರಿನೊಳಗೆ ತುಂಬುತ್ತಿತ್ತು. ಆ ದಿನಗಳಲ್ಲಿ ಮಾತ್ರ ಮುಂದೆ ಕಾರು ನಿಲ್ಲಿಸಿ ಕಾಫಿ ಕುಡಿಯುವುದಕ್ಕೆ ಕಾಮರ್ಸ್ ಸರ್ ಅಡ್ಡಿ ಮಾಡುತ್ತಿರಲಿಲ್ಲ. ಅಲ್ಲಿಂದ ಬದನವಾಳು, ಕವಲಂದೆ, ಮರಿಯಾಲ. ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತು ಆಗಿನ್ನೂ ಗಟ್ಟಿಯಾಗಿತ್ತು. 2013ರಲ್ಲಿ ಸಿದ್ದರಾಮಯ್ಯನವರು ಬಂದುಹೋಗಿ, ಮತ್ತೆ ಮತ್ತೆ ಬಂದು, ಐದು ವರ್ಷವನ್ನೂ ಪೂರೈಸಿದ ಮೇಲೆ ಅದರ ಕಾವು ಇಳಿಯಿತು. ನಾವಂತೂ ದಿನಾ ಹೋಗಿಬಂದೆವು, ಕುರ್ಚಿ ಹೋಗಲಿಲ್ಲ, ಬಡ್ತಿ ಬರಲೂ ಇಲ್ಲ.

ಎಲ್ಲ ಮಾತೂ ಆ ಕಾರಿನಲ್ಲಿ ಹಿಡಿಯುತ್ತಿತ್ತು ಎಂದರೆ ಸುಳ್ಳಾಗುತ್ತದೆ. ಬದನವಾಳಿನ ಖಾದಿ ಕೇಂದ್ರಕ್ಕೆ ಗಾಂಧೀಜಿ 1927ರಲ್ಲಿ ಬಂದಿದ್ದರು. 2015ರಲ್ಲಿ ರಂಗಕರ್ಮಿ ಪ್ರಸನ್ನ ಅಲ್ಲೇ ಸತ್ಯಾಗ್ರಹ ಕೂತಾಗ ರಸ್ತೆ ಬದಿ ಬ್ಯಾನರುಗಳು ಎದ್ದವು, ಕಾರು ನಿಧಾನ ಮಾಡಿ ನೋಡಿದೆವು. "ಗಾಂಧಿ ಬಂದ ಊರು ಅಂತ ಎಲ್ರಿಗೂ ಗೊತ್ತು. 1993ರಲ್ಲಿ ಇಲ್ಲೇ ಮೂರು ಜನ ದಲಿತರನ್ನ ಕೊಂದ್ರು, ದೇವಸ್ಥಾನದ ಜಗಳ. ನಮ್ಮ ಕ್ಲಾಸಲ್ಲಿ ಈ ಕಡೆ ಹುಡುಗರು ಕೂತಿರ್ತಾರೆ, ಯಾವ ಚಾಪ್ಟರಲ್ಲೂ ಅದಿಲ್ಲ" ಎಂದರು ಮೇಡಂ. ಕಾರಿನಲ್ಲಿ ಮೌನ. ಕಾಮರ್ಸ್ ಸರ್ ಎಫ್.ಎಂ. ಹಾಕಿದರು. ಹಾಡು ಮುಗಿಯುವಷ್ಟರಲ್ಲಿ ಕವಲಂದೆ ಬಂದಿತ್ತು.

ಹಿಂದಿನ ಸೀಟಿನ ಮಧ್ಯಕ್ಕೆ ಐದನೆಯವರೊಬ್ಬರು ಬಂದದ್ದು ಅದಕ್ಕೂ ಮೊದಲು. ಅತಿಥಿ ಉಪನ್ಯಾಸಕರು, ಪೊಲಿಟಿಕಲ್ ಸೈನ್ಸ್. ನಂಜನಗೂಡಿನವರೇ. ಮೂವತ್ತು ದಾಟಿರಲಿಲ್ಲ. ಅತಿಥಿ ಎಂಬ ಹೆಸರಿನಲ್ಲಿ ಸರ್ಕಾರ ಅವರಿಗೆ ಕೊಡುತ್ತಿದ್ದದ್ದು ತಿಂಗಳಿಗೆ ಕೆಲವು ಸಾವಿರ, ಅದೂ ತಿಂಗಳುಗಟ್ಟಲೆ ಕೂಡಿಹಾಕಿಕೊಂಡು. ನಮಗಿಂತ ಹೆಚ್ಚು ಕ್ಲಾಸು ತೆಗೆದುಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ನಂಜನಗೂಡಿನ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತ ನಿಂತಿದ್ದರು, ಹತ್ತಿಸಿಕೊಂಡೆವು. ಮಾರನೇ ದಿನವೂ. ಲೀಟರಿನ ಮಾತು ಬಂದಾಗ ಎಕನಾಮಿಕ್ಸ್ ಸರ್ ಕೈ ಅಡ್ಡ ಹಿಡಿದು, "ಛೇ ಛೇ, ಹೇಗೂ ಸೀಟು ಖಾಲಿ ಇರುತ್ತೆ, ಬನ್ನಿ" ಎಂದರು. ನಾವೆಲ್ಲ ತಲೆದೂಗಿದೆವು. ಒಳ್ಳೆಯವರಾಗುವುದು ಆ ಕ್ಷಣಕ್ಕೆ ಎಷ್ಟು ಸುಲಭ!

ಒಂದು ತಿಂಗಳಲ್ಲಿ ಕಾರಿನ ಹವೆಯೇ ಬೇರೆಯಾಯಿತು. ಕಾಫಿಗೆ ನಿಲ್ಲಿಸಿದರೆ ಅವರು ಮೊದಲು ಇಳಿದು ಹೋಗಿ ಲೋಟಗಳನ್ನು ಹಿಡಿದುಕೊಂಡು ಬರುತ್ತಿದ್ದರು. ಮಂಜು ಕವಿದ ಡಿಸೆಂಬರಿನಲ್ಲಿ ಗಾಜು ಒರೆಸುವ ಬಟ್ಟೆ ಅವರ ಕೈಗೇ ಹೋಯಿತು. ಶನಿವಾರದ ಕೊನೆಯ ಪೀರಿಯಡ್ಡು ಯಾರಿಗಾದರೂ ತಪ್ಪಿಸಿಕೊಳ್ಳಬೇಕಿದ್ದರೆ, ಇಂಟರ್ನಲ್ಸ್ ಪೇಪರು ಕಟ್ಟು ಕಟ್ಟಬೇಕಿದ್ದರೆ, "ನಾನು ಮಾಡ್ತೀನಿ ಬಿಡಿ ಸಾರ್." ಯಾರೂ ಅವರಿಗೆ ಹೇಳಿದ್ದಲ್ಲ. ಬೇಡ ಎಂದವರೂ ಇಲ್ಲ. ನಾವು ಏನು ಜೋಕು ಹೇಳಿದರೂ ಅವರ ನಗು ಎಲ್ಲರದ್ದಕ್ಕಿಂತ ಅರೆಗಳಿಗೆ ಮುಂಚೆ ಬರುತ್ತಿತ್ತು. ನಮ್ಮ ನಾಲ್ವರಲ್ಲಿ ಒಬ್ಬರಾದರೂ ಸಂಜೆ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದೆವು. ಅವರು ಮಾತ್ರ ಎರಡು ಮೊಣಕಾಲನ್ನೂ ಜೋಡಿಸಿ, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಬೆನ್ನು ಸೀಟಿಗೆ ತಾಗಿಸದೆ ನಂಜನಗೂಡು ಬರುವವರೆಗೂ ಕೂತಿರುತ್ತಿದ್ದರು. ಒಂದು ಸಲ ಬ್ರೇಕು ಹಾಕಿದಾಗ ಅವರ ಭುಜ ನನಗೆ ತಗುಲಿತು. ಮೂರು ಸಲ ಸಾರಿ ಕೇಳಿದರು.

ಆಮೇಲೆ ಬರುವುದನ್ನು ನಿಲ್ಲಿಸಿದರು. ರೈಲಿನ ಟೈಮು ಅನುಕೂಲವಾಗುತ್ತೆ ಎಂದರು. ಆಗುತ್ತಿರಲಿಲ್ಲ ಎಂದು ನಮಗೆ ಚೆನ್ನಾಗಿ ಗೊತ್ತಿತ್ತು. ಕೊನೆಗೆ ಹಿಸ್ಟರಿ ಮೇಡಂ ಸ್ಟಾಫ್ ರೂಮಿನಲ್ಲಿ ನೇರ ಕೇಳಿದರು. ನಾನು ಪಕ್ಕದಲ್ಲೇ ಅಟೆಂಡೆನ್ಸ್ ತುಂಬುತ್ತಿದ್ದೆ.

"ಯಾಕ್ರೀ, ನಮ್ಮಿಂದ ಏನಾದ್ರೂ ಬೇಜಾರಾಯ್ತಾ?"

"ಅಯ್ಯೋ ಇಲ್ಲ ಮೇಡಂ. ಬಸ್ಸಲ್ಲಿ ಟಿಕೆಟ್ ತಗೊಂಡ್ರೆ ನಿದ್ದೆ ಮಾಡಬಹುದು."

ಆ ಸಂಜೆ ಕಾರಿನಲ್ಲಿ ಮೇಡಂ ಈ ಮಾತನ್ನು ಹಾಗ್ಹಾಗೇ ಹೇಳಿದರು. ಎಕನಾಮಿಕ್ಸ್ ಸರ್ ಬಹಳ ಹೊತ್ತು ಸುಮ್ಮನಿದ್ದು, ನೋಟ್‌ಬುಕ್ಕು ಕೊಡಿ ಎಂದು ಕೈ ಚಾಚಿದರು. ನಂಜನಗೂಡಿನಿಂದ ಹತ್ತುವವರಾದ್ದರಿಂದ ಅವರ ಹೋಗಿಬರುವ ದಾರಿ ಎಪ್ಪತ್ತು ಎಪ್ಪತ್ತೈದು ಕಿಲೋಮೀಟರ್, ಅಷ್ಟಕ್ಕೆ ಐದು ಲೀಟರ್, ಐದು ಜನ, ತಲೆಗೆ ಒಂದು. ಸವಕಳಿ ಕಾಲು ಲೀಟರ್. ಮಧ್ಯದ ಸೀಟಿನಲ್ಲಿ ಕಾಲಿಡಲು ಜಾಗವಿಲ್ಲದ್ದಕ್ಕೆ ಕಾಲು ಲೀಟರ್ ರಿಯಾಯಿತಿ, ಅಲ್ಲಿಗಲ್ಲಿಗೆ ವಜಾ. ಒಂದು ಲೀಟರ್. ಹಾಗೆಯೇ ನನ್ನ ಎರಡೂವರೆ ಎರಡಾಯಿತು. ಹೊಸ ಪುಟಕ್ಕೆ ಗೆರೆ ಎಳೆದು ಅವರ ಸಬ್ಜೆಕ್ಟ್ ಬರೆದರು. ಸಂಬಳ ತಡವಾದರೆ ಲೀಟರ್ ಬಾಕಿ ಎಂದು ಬರೆದುಕೊಳ್ಳುವುದು, ಬಡ್ಡಿ ಇಲ್ಲ. ಮಾರನೇ ದಿನ ಅವರಿಗೆ ಪುಟ ತೋರಿಸಿದೆವು. ಅವರು ಕೂಲಂಕಷವಾಗಿ ಓದಿ, ರಿಯಾಯಿತಿ ಬೇಡ ಎಂದು ವಾದಕ್ಕಿಳಿದರು. ಕಾಮರ್ಸ್ ಸರ್‌ಗೆ ಖುಷಿಯೋ ಖುಷಿ. ಮರಿಯಾಲ ದಾಟಿದರೂ ಮುಗಿಯದ ಆ ಚೌಕಾಸಿಯಲ್ಲಿ ಅವರು ಮೊದಲ ಸಲ ನಮ್ಮ ಮಾತಿಗೆ ಅಡ್ಡ ಮಾತಾಡಿದ್ದನ್ನು ಕೇಳಿದೆ. ಕಾಲು ಲೀಟರ್ ರಿಯಾಯಿತಿ ಬಿಟ್ಟುಕೊಟ್ಟೇ ಬಿಟ್ಟರು. ಸಂಜೆ ಕಾರು ಹೊರಟು ಊರು ದಾಟುವುದರೊಳಗೆ ತಲೆ ಹಿಂದಕ್ಕೆ ಒರಗಿಸಿ ನಿದ್ದೆ ಹೋದರು, ಎಬ್ಬಿಸದಿದ್ದರೆ ಮೈಸೂರಿಗೇ ಬಂದುಬಿಡುತ್ತಿದ್ದರು.

ಅಂದಿನಿಂದ ಕಾಫಿ ತರುವುದಕ್ಕೂ ಪಾಳಿ. ಶನಿವಾರದ ಪೀರಿಯಡ್ಡಿಗೆ ಅವರನ್ನು ಕೇಳಿದರೆ, "ಆಗಲ್ಲ ಸಾರ್, ನಮ್ಮ ಅಣ್ಣನ ಮಗಳ ನಾಮಕರಣ" ಎನ್ನುವಷ್ಟಾದರು. ಬದನವಾಳಿನ ಮಾತು ಬಂದ ದಿನ ಅವರೂ ಮಧ್ಯದಲ್ಲಿ ಕೂತಿದ್ದರು, ಎಫ್.ಎಂ. ಹಾಡಿನ ಮೇಲೆಯೇ, "ಅದನ್ನ ನಾನು ಕ್ಲಾಸಲ್ಲಿ ಹೇಳ್ತೀನಿ ಮೇಡಂ, ಸಿಲಬಸ್ಸಲ್ಲಿ ಇರಲಿ ಬಿಡಲಿ" ಎಂದರು. ದುಡ್ಡು ಕೊಡದ ಕಾಲದಲ್ಲಾಗಿದ್ದರೆ ಹೇಳುತ್ತಿದ್ದರೋ ಇಲ್ಲವೋ.

ನಮ್ಮ ನೋಟ್‌ಬುಕ್ಕಿಗೆ ಒಮ್ಮೆ ಕಾನೂನಿನ ಭಯವೂ ಬಂದಿತ್ತು. 2017ರ ಶುರುವಿನಲ್ಲಿ ಸಾರಿಗೆ ಇಲಾಖೆ ಬೆಂಗಳೂರಿನ ಓಲಾ, ಊಬರ್‌ಗಳಿಗೆ ಶೇರ್ ಸೇವೆ ನಿಲ್ಲಿಸಿ ಎಂದಿತು. ಅವರ ಪರ್ಮಿಟ್ಟಿನಲ್ಲಿ ದಾರಿಯುದ್ದಕ್ಕೂ ಬೇರೆಬೇರೆಯವರನ್ನು ಹತ್ತಿಸಿ ಇಳಿಸುವಂತಿಲ್ಲವಂತೆ. ಪೇಪರಿನಲ್ಲಿ ಓದಿದ ಕಾಮರ್ಸ್ ಸರ್ ಬೆವೆತರು. ಹಳದಿ ಬೋರ್ಡಿನವರಿಗೇ ಹೀಗಾದರೆ ಬಿಳಿ ಬೋರ್ಡಿನ ನಮ್ಮ ಗತಿ? 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸ್ವಂತದ ಕಾರನ್ನು ಬಾಡಿಗೆಗೆ ಓಡಿಸುವಂತಿಲ್ಲ. ನಮ್ಮದು ಬಾಡಿಗೆಯೋ, ಖರ್ಚಿನ ಹಂಚಿಕೆಯೋ? ಸವಕಳಿ ತೆಗೆದುಕೊಂಡದ್ದೇ ಮುಳುವಾಯಿತು, ಪೆಟ್ರೋಲ್ ಮಾತ್ರ ಆಗಿದ್ದರೆ ಹಂಚಿಕೆ ಎನ್ನಬಹುದಿತ್ತು ಎಂದು ಅವರು ಹಲುಬಿದರು. ಹಾಗಿದ್ದರೆ ಸವಕಳಿ ತಂದವರಾರು ಎಂದು ಹಿಂದಿನ ಸೀಟಿನಿಂದ ಎಲ್ಲರೂ ಒಟ್ಟಿಗೆ ಕೇಳಿದೆವು. ಕೆಲವು ದಿನ ನೋಟ್‌ಬುಕ್ಕು ಡ್ಯಾಶ್‌ಬೋರ್ಡಿನಿಂದ ನನ್ನ ಊಟದ ಬ್ಯಾಗಿಗೆ ಬಂತು. ಪೊಲೀಸರು ಹಿಡಿದರೆ ಹಳಗನ್ನಡ ನೋಟ್ಸ್ ಎಂದು ಹೇಳುವುದು ಎಂದು ತೀರ್ಮಾನವಾಗಿತ್ತು. ಯಾರೂ ಹಿಡಿಯಲಿಲ್ಲ.

2018ರ ಆಗಸ್ಟ್‌ನಲ್ಲಿ ವಯನಾಡಿನಲ್ಲಿ ಸುರಿದ ಮಳೆಗೆ ಕಬಿನಿ ತುಂಬಿ ನೀರು ಬಿಟ್ಟರು. ನಂಜನಗೂಡಿನ ಸ್ನಾನಘಟ್ಟದ ಹದಿನಾರು ಕಾಲು ಮಂಟಪ ಮುಳುಗಿತು, ಮಲ್ಲನಮೂಲೆ ಮಠದ ಬಳಿ ಹೆದ್ದಾರಿಯ ಮೇಲೇ ಹೊಳೆ. ಹಳ್ಳಿ ದಾರಿಗಳಲ್ಲಿ ಸುತ್ತಿ ಸುತ್ತಿ ಕಾಲೇಜು ಮುಟ್ಟಿದಾಗ ಮಧ್ಯಾಹ್ನ, ಒಬ್ಬ ಹುಡುಗನೂ ಬಂದಿರಲಿಲ್ಲ. ಅವತ್ತು ಸುಟ್ಟ ಹೆಚ್ಚುವರಿ ಪೆಟ್ರೋಲ್ ಯಾರ ಲೆಕ್ಕಕ್ಕೆ ಎಂದು ಚರ್ಚೆಯಾಗಿ, ಎಕನಾಮಿಕ್ಸ್ ಸರ್ ಪುಸ್ತಕದಲ್ಲಿ "ಕಬಿನಿ ಖಾತೆ" ಎಂದು ತೆರೆದು ಅಲ್ಲಿಗೆ ಹಾಕಿದರು. ಅದನ್ನು ಇನ್ನೂ ಯಾರೂ ತೀರಿಸಿಲ್ಲ.

ಮರು ವರ್ಷ ಅವರು ನಿವೃತ್ತರಾದರು, ಸ್ಯಾಂಟ್ರೋ ಮಾರಿದರು. ಉಳಿದ ಎರಡು ಕಾರುಗಳಲ್ಲಿ ಪಾಳಿ ಮುಂದುವರಿಯಿತು. 2020ರ ಮಾರ್ಚ್ ಮೊದಲ ವಾರ ಹಿಸ್ಟರಿ ಮೇಡಂಗೆ ಮುಂಗಡ ಕೊಟ್ಟೆ. ತಿಂಗಳ ನಡುವೆ ಕಾಲೇಜು ಮುಚ್ಚಿತು, ಆಮೇಲೆ ಲಾಕ್‌ಡೌನ್. ಮತ್ತೆ ಬಾಗಿಲು ತೆರೆಯುವ ಹೊತ್ತಿಗೆ ಒಂದೇ ಕಾರಿನಲ್ಲಿ ಮೈಗೆ ಮೈ ತಾಗಿಸಿ ಕೂರುವ ಧೈರ್ಯ ಯಾರಿಗೂ ಇರಲಿಲ್ಲ. ಕಾಮರ್ಸ್ ಸರ್‌ಗೆ ಕೌನ್ಸೆಲಿಂಗ್‌ನಲ್ಲಿ ವರ್ಗವಾಯಿತು, ಪೊಲಿಟಿಕಲ್ ಸೈನ್ಸ್‌ನವರು ಬೇರೆ ತಾಲ್ಲೂಕಿಗೆ ಹೋದರು. ನಾನು ಕೊಟ್ಟ ಮುಂಗಡದಲ್ಲಿ ಹತ್ತು ಲೀಟರ್ ಮೇಡಂ ಬಳಿ ಉಳಿದಿತ್ತು. ನಾನು ಮರೆತೇಬಿಟ್ಟಿದ್ದೆ.

ಅವರು ಮರೆತಿರಲಿಲ್ಲ. 2021ರ ಜೂನ್‌ನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿದ ವಾರ ಫೋನ್ ಮಾಡಿದರು. ಕೊಟ್ಟಾಗ ಇದ್ದದ್ದು ಎಪ್ಪತ್ತರ ಆಸುಪಾಸು, ಅಷ್ಟೇ ಕೊಡಿ ಸಾಕು ಎಂದೆ. ಒಪ್ಪಲಿಲ್ಲ. ವಿಷಯ ಕಾಮರ್ಸ್ ಸರ್‌ಗೆ ಹೋಯಿತು. ವ್ಯತ್ಯಾಸ ನನಗೆ ಬಂದರೆ ಅದು ಬಂಡವಾಳ ಲಾಭ ಆಗುತ್ತದೆ, ಯೋಚನೆ ಮಾಡಿ ಎಂದರು. ಕೊನೆಗೆ ಎಕನಾಮಿಕ್ಸ್ ಸರ್‌ಗೆ ಕಾನ್ಫರೆನ್ಸ್ ಹಾಕಿದೆವು. ಹಿಂದೆ ಪ್ರೆಶರ್ ಕುಕ್ಕರ್ ಕೂಗುವ ಸದ್ದು. "ಲೀಟರಲ್ಲಿ ಬರೆದಿದೆ, ಲೀಟರಲ್ಲೇ ವಾಪಸ್ಸು" ಎಂದು ಇಟ್ಟರು.

ಮುಂದಿನ ಭಾನುವಾರ ಮೇಡಂ ಆಲ್ಟೊದಲ್ಲಿ ನಮ್ಮ ಮನೆಗೆ ಬಂದರು. ಮಾಸ್ಕು ತೆಗೆಯದೆ, ಒಳಗೂ ಬರದೆ, ಗೇಟಿನ ಹೊರಗೇ ನಿಂತು ನನ್ನ ಮಗನನ್ನು ಕರೆದರು. ಅವನ ಸ್ಕೂಟರಿನ ಹಿಂದೆ ಹಿಂದೆಯೇ ಬಂಕಿಗೆ ಹೋಗಿ ನಾಲ್ಕು ಲೀಟರ್ ತುಂಬಿಸಿದರು, ಅದಕ್ಕಿಂತ ಹೆಚ್ಚು ಟ್ಯಾಂಕು ಹಿಡಿಯಲಿಲ್ಲ. ಖಾಲಿಯಾದ ಮೇಲೆ ಫೋನ್ ಮಾಡು, ಇನ್ನೂ ಆರು ಬಾಕಿ ಇದೆ ಎಂದು ಅವನ ಕೈಗೆ ಬಂಕಿನ ರಸೀದಿ ಕೊಟ್ಟು ಹೋದರಂತೆ.